ಗೊತ್ತಿದ್ದೂ ತಪ್ಪುವವನಿಗೆ ಗ್ರೀಕರು ಇಟ್ಟ ಹೆಸರು

ನಮ್ಮ ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ. ಮದುವೆ ಮನೆಯಲ್ಲಿ ಊಟದ ಪಂಕ್ತಿಗೆ ಕೂತರೆ, ಒಬ್ಬಟ್ಟು ಬಡಿಸುವವನು ಹತ್ತಿರ ಬರುತ್ತಿದ್ದಂತೆ ಅಕ್ಕಪಕ್ಕದವರ ಕಣ್ಣೆಲ್ಲ ಅವರ ಎಲೆಯ ಮೇಲೆ. ಅವರು ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿಯುವುದೇನೋ ನಿಜ. ಆದರೆ ಒಂದು ಒಬ್ಬಟ್ಟು ಧಾರಾಳವಾಗಿ ಬೀಳುವಷ್ಟು ಜಾಗವನ್ನೂ ಬಿಟ್ಟಿರುತ್ತಾರೆ. ಮನೆಗೆ ಬಂದ ಮೇಲೆ ದೊಡ್ಡಮ್ಮ, "ಇಷ್ಟು ವಯಸ್ಸಾಯಿತು, ಅಷ್ಟೂ ಗೊತ್ತಾಗೋದಿಲ್ಲವೆ ನಿಮಗೆ?" ಎಂದು ಗದರಿಸುತ್ತಾರೆ. ದೊಡ್ಡಪ್ಪನ ಉತ್ತರ ಯಾವಾಗಲೂ ಒಂದೇ: "ಗೊತ್ತಿಲ್ಲ ಅಂತ ಯಾರು ಹೇಳಿದರು? ಎಲ್ಲ ಗೊತ್ತು."

ಎರಡು ವರ್ಷದ ಹಿಂದೆ ಅವರ ಬಲಗಾಲಿನ ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ಅದಾಗಿ ಮೂರು ತಿಂಗಳಿಗೆ ಇನ್ನೊಂದು ಮದುವೆ ಬಂತು. ಕೋಲೂರಿಕೊಂಡು ಹೋದರು, ತಿಂದರು, ಅಂದು ರಾತ್ರಿ ನಿದ್ದೆ ಬಾರದೆ ಅತ್ತರು ಕೂಡ.

ದೊಡ್ಡಮ್ಮನ ಪ್ರಶ್ನೆ ಮತ್ತು ದೊಡ್ಡಪ್ಪನ ಉತ್ತರ, ಇವೆರಡರ ನಡುವೆ ಇರುವ ಜಗಳ ನಮ್ಮ ಮನೆಯದು ಮಾತ್ರವಲ್ಲ. ಸುಮಾರು 2,400 ವರ್ಷಗಳ ಹಿಂದೆ ಅಥೆನ್ಸಿನ ಅತ್ಯಂತ ಬುದ್ಧಿವಂತರು ಇದೇ ಜಗಳವನ್ನು ಹೂಡಿಕೊಂಡಿದ್ದರು. ಅವರ ಭಾಷೆಯಲ್ಲಿ ಅದಕ್ಕೊಂದು ಹೆಸರೂ ಇತ್ತು: ಅಕ್ರಸಿಯಾ. ಇದು ಒಳ್ಳೆಯದಲ್ಲ ಎಂದು ತಿಳಿದೂ, ತಿಳಿದ ಆ ಗಳಿಗೆಯಲ್ಲೇ, ಅದನ್ನೇ ಮಾಡಿಬಿಡುವುದು. ಕನ್ನಡದಲ್ಲಿ ನಾವು ಅಸಂಯಮ, ಚಪಲ, ಲಂಗುಲಗಾಮಿಲ್ಲದ ನಡತೆ ಎಂದೆಲ್ಲ ಹೇಳುತ್ತೇವೆ. ಆದರೆ ಲಂಗುಲಗಾಮಿಲ್ಲದವನಿಗೆ ತನ್ನ ತಪ್ಪು ಗೊತ್ತಿರಲೇಬೇಕೆಂದಿಲ್ಲ. ಗ್ರೀಕ್ ಪದದ ಕುತ್ತಿಗೆಗೆ ಮಾತ್ರ 'ಗೊತ್ತಿದ್ದೂ' ಎಂಬ ಗಂಟೆ ಕಟ್ಟಿದೆ.

ಪದವನ್ನು ಬಿಡಿಸುವುದು ಕಷ್ಟವಲ್ಲ. ಮೊದಲ 'ಅ' ನಮ್ಮ ಅನ್ಯಾಯ, ಅಜ್ಞಾನಗಳಲ್ಲಿರುವ ನಿಷೇಧದ 'ಅ'ಕಾರವೇ. ಸಂಸ್ಕೃತ, ಗ್ರೀಕ್ ಎರಡೂ ಅದನ್ನು ಒಂದೇ ಮೂಲದಿಂದ ಪಡೆದಿವೆ. ಉಳಿದದ್ದು 'ಕ್ರತೊಸ್', ಎಂದರೆ ಬಲ, ಆಳುವ ಶಕ್ತಿ, ಅಧಿಕಾರ. 'ದೆಮೊಸ್' ಎಂಬ ಜನರ ಕೈಯಲ್ಲಿ ಕ್ರತೊಸ್ ಇದ್ದರೆ ಅದು 'ದೆಮೊಕ್ರತಿಯಾ', ನಾವು ದಿನಾ ಪತ್ರಿಕೆಯಲ್ಲಿ ಓದುವ ಡೆಮಾಕ್ರಸಿ. ತನ್ನ ಮೇಲೆ ತನಗೇ ಕ್ರತೊಸ್ ಇಲ್ಲದವನು 'ಅಕ್ರತೇಸ್'. ಅವನ ಸ್ಥಿತಿ ಅಕ್ರಸಿಯಾ. ಇದಕ್ಕೆ ವಿರುದ್ಧವಾಗಿ ಆಳ್ವಿಕೆ ಒಳಗೇ ಇರುವವನು 'ಎನ್‌ಕ್ರತೇಸ್'. ಹೀಗೆ ಪದದ ಹೊಟ್ಟೆಯಲ್ಲಿ ಒಂದು ರಾಜಕೀಯದ ಚಿತ್ರವಿದೆ. ಮನುಷ್ಯ ಒಂದು ಊರು; ಅಲ್ಲಿ ಯಾರು ಆಳುತ್ತಿದ್ದಾರೆ ಎಂಬುದೇ ಪ್ರಶ್ನೆ.

ಸಂಸ್ಕೃತದ 'ಕ್ರತು' ಶಬ್ದವನ್ನೂ ಈ ಕ್ರತೊಸ್‌ಗೆ ದಾಯಾದಿಯೆಂದು ಹೇಳುವ ಭಾಷಾಶಾಸ್ತ್ರಜ್ಞರಿದ್ದಾರೆ. ಎಲ್ಲರೂ ಒಪ್ಪಿದ್ದಾರೆಂದಲ್ಲ. ವೇದದಲ್ಲಿ ಕ್ರತು ಎಂದರೆ ಸಂಕಲ್ಪ, ಮನೋಬಲ; ಆಮೇಲೆ ಅದು ಯಜ್ಞವೆಂಬ ಅರ್ಥಕ್ಕೆ ತಿರುಗಿ ಇಂದ್ರ 'ಶತಕ್ರತು'ವಾದ. ಆ ಸಂಬಂಧ ನಿಜವಾದರೆ ಅಕ್ರಸಿಯಾಕ್ಕೆ 'ಅಕ್ರತು' ಎಂದರೆ ತೀರ ತಪ್ಪಾಗದು. ಇನ್ನೊಂದು ತಮಾಷೆಯಿದೆ. ಈ ಅಕ್ರಸಿಯಾ ಎಂಬುದು ಜಗತ್ತಿನಲ್ಲಿ ಇಲ್ಲವೇ ಇಲ್ಲ ಎಂದು ವಾದಿಸಿದ ಮಹಾನುಭಾವನ ಹೆಸರಿನಲ್ಲೇ ಕ್ರತೊಸ್ ಕುಳಿತಿದೆ. ಸೋಕ್ರತೇಸ್, ಎಂದರೆ ಕೆಡದೆ ಉಳಿದ ಬಲವುಳ್ಳವನು. ನಾವು ಸಾಕ್ರಟೀಸ್ ಎನ್ನುತ್ತೇವೆ.

ತತ್ತ್ವಜ್ಞಾನಿಗಳು ಹಿಡಿದುಕೊಳ್ಳುವ ಮೊದಲು 'ಅಕ್ರತೇಸ್' ಸಾದಾ ಮಾತಾಗಿತ್ತು. ಶಕ್ತಿಯಿಲ್ಲದವನು, ಯಾವುದೋ ಒಂದರ ಮೇಲೆ ಹಿಡಿತವಿಲ್ಲದವನು ಎಂದಷ್ಟೇ ಅರ್ಥ. ಈಸ್ಕಿಲಸ್‌ನದೆಂದು ಹೇಳುವ ಪ್ರಮೀಥ್ಯೂಸ್ ನಾಟಕದಲ್ಲಿ ಹುಚ್ಚು ಹಿಡಿದ ಇಯೋ ತನಗೆ ನಾಲಿಗೆಯ ಮೇಲೆ ಹತೋಟಿಯಿಲ್ಲ ಎನ್ನುವಾಗ ಬರುವುದು ಇದೇ ಪದ. ಪದಕ್ಕಿಂತ ಮೊದಲೇ ಅದರ ವಸ್ತು ರಂಗಕ್ಕೆ ಬಂದಿತ್ತು. ಯೂರಿಪಿಡೀಸನ 'ಮೆಡೀಯಾ' ನಾಟಕ ಕ್ರಿ.ಪೂ. 431ರಲ್ಲಿ ಅಥೆನ್ಸಿನಲ್ಲಿ ಪ್ರದರ್ಶನವಾಯಿತು. ಗಂಡನ ಮೇಲಿನ ಸೇಡಿಗಾಗಿ ಹೆತ್ತ ಮಕ್ಕಳನ್ನೇ ಕೊಲ್ಲಲು ಹೊರಟ ತಾಯಿ, ತಾನು ಮಾಡಲಿರುವುದು ಎಂಥ ಘೋರವೆಂದು ತನಗೆ ತಿಳಿದಿದೆ, ಆದರೆ ತನ್ನ ರೋಷ ತನ್ನ ವಿಚಾರಕ್ಕಿಂತ ದೊಡ್ಡದು ಎಂದು ಬಾಯಿಬಿಟ್ಟು ಹೇಳುತ್ತಾಳೆ. ಮೂರು ವರ್ಷದ ನಂತರ 'ಹಿಪ್ಪೊಲಿಟಸ್' ನಾಟಕದ ಫೀಡ್ರಾ ಕೂಡ ಇಂಥದೇ ಮಾತಾಡುತ್ತಾಳೆ: ಒಳಿತು ಯಾವುದೆಂದು ನಮಗೆ ತಿಳಿಯದೆ ಅಲ್ಲ, ಅದನ್ನು ಕೊನೆಮುಟ್ಟಿಸಲು ಆಗುವುದಿಲ್ಲ ಎಂದು.

ಇದೇ ಊರಿನಲ್ಲಿದ್ದ ಸಾಕ್ರಟೀಸ್ ಇದನ್ನು ಒಪ್ಪಲಿಲ್ಲ. ಪ್ಲೇಟೋ ಬರೆದ 'ಪ್ರೊಟಾಗೊರಸ್' ಸಂವಾದದಲ್ಲಿ ಅವನ ವಾದ ಬರುತ್ತದೆ. ಜನ ತಿಳುವಳಿಕೆಯನ್ನು ಒಬ್ಬ ಗುಲಾಮನಂತೆ ಕಾಣುತ್ತಾರೆ. ಸಿಟ್ಟು, ಸುಖ, ದುಃಖ, ಕಾಮ, ಭಯ ಯಾವುದು ಬೇಕಾದರೂ ಅದನ್ನು ಎಳೆದಾಡಬಹುದೆಂದು ನಂಬಿದ್ದಾರೆ. ಹಾಗಲ್ಲ, ತಿಳುವಳಿಕೆ ನಿಜವಾಗಿ ಇದ್ದರೆ ಅದೇ ಆಳುತ್ತದೆ ಎನ್ನುತ್ತಾನೆ ಸಾಕ್ರಟೀಸ್. ಹಾಗಿದ್ದರೆ ತಪ್ಪುವವನಿಗೆ ಆಗುವುದೇನು? ಅವನ ಲೆಕ್ಕ ತಪ್ಪುತ್ತದೆ. ಹತ್ತಿರದ ಗುಡ್ಡ ದೂರದ ಬೆಟ್ಟಕ್ಕಿಂತ ಎತ್ತರ ಕಾಣುವಂತೆ, ಈಗ ಸಿಗುವ ಸುಖ ಮುಂದೆ ಬರುವ ನೋವಿಗಿಂತ ದೊಡ್ಡದಾಗಿ ಕಾಣುತ್ತದೆ. ದೂರ ಹತ್ತಿರಗಳನ್ನು ಸರಿದೂಗಿಸಿ ಅಳೆಯುವ ವಿದ್ಯೆಯೊಂದು ಕೈಗೆ ಬಂದರೆ ಯಾರೂ ಬೇಕೆಂದೇ ಕೆಟ್ಟದ್ದನ್ನು ಆರಿಸಿಕೊಳ್ಳರು. ಎಂದರೆ ದೊಡ್ಡಮ್ಮನ ಪಕ್ಷ: ನಿಮಗೆ ಗೊತ್ತಿಲ್ಲ, ಗೊತ್ತಿದ್ದರೆ ತಿನ್ನುತ್ತಿರಲಿಲ್ಲ.

ಈ ವಾದವನ್ನು ಮೊದಲ ಸಲ ಓದಿದಾಗ ಇದು ಬರೀ ಮೊಂಡುತನವೆಂದು ಅನಿಸಿತ್ತು. ಈಗ ಹಾಗನಿಸುವುದಿಲ್ಲ. ಇದರಲ್ಲಿ ದೊಡ್ಡದೊಂದು ಔದಾರ್ಯವಿದೆ. ತಪ್ಪು ಮಾಡುವವನು ಕೆಟ್ಟವನಲ್ಲ, ಅವನಿಗೆ ಕಲಿಸಬೇಕು ಅಷ್ಟೆ. ನಮ್ಮ ಸರಕಾರಗಳೂ ಅರ್ಧದಷ್ಟು ಸಾಕ್ರಟೀಸನ ಶಿಷ್ಯರೇ. 2009ರಿಂದ ನಮ್ಮ ದೇಶದ ಸಿಗರೇಟು ಪೊಟ್ಟಣಗಳ ಮೇಲೆ ಎಚ್ಚರಿಕೆಯ ಚಿತ್ರ ಹಾಕಲಾಗುತ್ತಿದೆ. 2016ರಲ್ಲಿ ಅದು ಪೊಟ್ಟಣದ ಶೇಕಡ 85ರಷ್ಟು ಜಾಗಕ್ಕೆ ಹಿಗ್ಗಿತು. ಆ ಚಿತ್ರವನ್ನು ನೋಡಿಕೊಂಡೇ ಕಡ್ಡಿ ಗೀರುವವನನ್ನು ಕಂಡರೆ ಸಾಕ್ರಟೀಸ್ ಏನನ್ನುತ್ತಿದ್ದನೋ! ಕೆಲವೊಮ್ಮೆ ಸರಕಾರಕ್ಕೇ ಈ ನಂಬಿಕೆ ಕೈಕೊಡುತ್ತದೆ. 2007ರ ಜುಲೈಯಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತದ್ದು ಕುಡಿಯುವವರಿಗೆ ಬುದ್ಧಿ ಹೇಳಿದ್ದರಿಂದಲ್ಲ, ಅಂಗಡಿಯನ್ನೇ ಮುಚ್ಚಿದ್ದರಿಂದ.

ಪ್ಲೇಟೋಗೆ ಗುರುವಿನ ಮಾತು ಪೂರ್ತಿ ಸಮಾಧಾನ ಕೊಡಲಿಲ್ಲವೆಂದು ಕಾಣುತ್ತದೆ. 'ರಿಪಬ್ಲಿಕ್' ಗ್ರಂಥದಲ್ಲಿ ಅವನು ಲಿಯೊಂಟಿಯಸ್ ಎಂಬವನ ಕಥೆ ಹೇಳಿಸುತ್ತಾನೆ. ಆತ ಪಿರೇಯಸ್ ಬಂದರಿನಿಂದ ಕೋಟೆಯ ಉತ್ತರ ಗೋಡೆಯ ಹೊರಮಗ್ಗುಲಲ್ಲಿ ಊರಿಗೆ ಬರುತ್ತಿದ್ದಾಗ, ಮರಣದಂಡನೆಗೆ ಗುರಿಯಾದವರ ಹೆಣಗಳು ಬಿದ್ದಿರುವುದು ಗೊತ್ತಾಯಿತು. ನೋಡಬೇಕೆಂಬ ಆಸೆ, ನೋಡಬಾರದೆಂಬ ಹೇಸಿಗೆ. ಮುಖ ಮುಚ್ಚಿಕೊಂಡು ತುಸು ಹೊತ್ತು ಹೋರಾಡಿದ. ಕೊನೆಗೆ ಸೋತು, ಕಣ್ಣರಳಿಸಿಕೊಂಡು ಹೆಣಗಳ ಕಡೆ ಓಡಿ, ತನ್ನ ಕಣ್ಣುಗಳಿಗೇ ಶಾಪ ಹಾಕಿದ: ತಗೊಳ್ಳಿ ದರಿದ್ರಗಳೇ, ಹೊಟ್ಟೆತುಂಬ ನೋಡಿಕೊಳ್ಳಿ ಎನ್ನುವ ಧಾಟಿಯಲ್ಲಿ. ರಸ್ತೆ ಅಪಘಾತ ನಡೆದಲ್ಲಿ ಬಸ್ಸಿನ ಕಿಟಕಿಗೆ ಮುಗಿಬೀಳುವ ನಮಗೆ ಲಿಯೊಂಟಿಯಸ್ ಅಪರಿಚಿತನಲ್ಲ. ಈ ಕಥೆಯಿಂದ ಪ್ಲೇಟೋ ತೆಗೆದ ತೀರ್ಮಾನ, ಮನುಷ್ಯನೊಳಗೆ ಒಬ್ಬನಿಲ್ಲ, ಮೂವರಿದ್ದಾರೆ ಎಂದು. ವಿಚಾರ, ರೋಷ, ಆಸೆ. ಇಲ್ಲಿ ರೋಷ ವಿಚಾರದ ಪಕ್ಷ ಹಿಡಿದು ಆಸೆಯನ್ನು ಬೈಯುತ್ತಿದೆ. ಒಳಗೆ ಮೂವರಿರುವಾಗ ತಪ್ಪು ಕೈ ಮೇಲಾಗುವುದು ಸಾಧ್ಯ. ಪದದಲ್ಲಿದ್ದ ರಾಜಕೀಯ ಹೀಗೆ ಸಿದ್ಧಾಂತವಾಯಿತು.

ಆದರೆ ಅಕ್ರಸಿಯಾವನ್ನು ಮೇಜಿನ ಮೇಲಿಟ್ಟು ನಿಜವಾಗಿ ಕೊಯ್ದು ನೋಡಿದವನು ಪ್ಲೇಟೋನ ಶಿಷ್ಯ ಅರಿಸ್ಟಾಟಲ್ (ಕ್ರಿ.ಪೂ. 384-322). 'ನಿಕೊಮಾಕಿಯನ್ ಎಥಿಕ್ಸ್' ಎಂದು ಪ್ರಸಿದ್ಧವಾದ ಅವನ ನೀತಿಗ್ರಂಥದ ಏಳನೆಯ ಭಾಗದ ಬಹುಪಾಲು ಇದಕ್ಕೇ ಮೀಸಲು. ಅವನು ವೈದ್ಯನ ಮಗ. ರೋಗಲಕ್ಷಣ ನೋಡುವ ಕಣ್ಣು ಅವನದು. ಸಾಕ್ರಟೀಸನ ಮಾತು ಕಣ್ಣಿಗೆ ಕಾಣುವ ಸಂಗತಿಗೆ ವಿರುದ್ಧವಾಗಿದೆ ಎಂದು ನೇರವಾಗಿ ಹೇಳಿ ಶುರುಮಾಡುತ್ತಾನೆ. ಸಮಸ್ಯೆಯ ಬಿಗಿಯನ್ನು ತೋರಿಸಲು ಒಂದು ಗಾದೆಯನ್ನೂ ನೆನೆಯುತ್ತಾನೆ. ಗಂಟಲಲ್ಲಿ ತುತ್ತು ಸಿಕ್ಕಿದರೆ ನೀರು ಕುಡಿಯಬಹುದು; ನೀರೇ ಸಿಕ್ಕಿಕೊಂಡರೆ? ಗೊತ್ತಿಲ್ಲದವನಿಗೆ ತಿಳಿಹೇಳಬಹುದು, ಗೊತ್ತಿದ್ದೂ ಮಾಡುವವನಿಗೆ ಹೇಳುವುದೇನು?

ಅವನ ಉತ್ತರದ ಮೊದಲ ಹೆಜ್ಜೆ, 'ಗೊತ್ತು' ಎನ್ನುವುದರಲ್ಲೇ ಬಗೆಗಳಿವೆ ಎಂಬುದು. ನಿದ್ದೆಯಲ್ಲಿರುವ ಪಂಡಿತನಿಗೂ ವಿದ್ಯೆ ಇದೆ, ಅದು ಆಗ ಕೆಲಸಕ್ಕೆ ಬರುವುದಿಲ್ಲ. ಕುಡಿದವನು ಎಂಪೆಡೊಕ್ಲೀಸನ ಪದ್ಯಗಳನ್ನು ಹೇಳಬಲ್ಲ. ಹೊಸದಾಗಿ ಪಾಠಕ್ಕೆ ಕೂತ ಹುಡುಗ ವಾಕ್ಯಗಳನ್ನು ಸಲೀಸಾಗಿ ಒಪ್ಪಿಸುತ್ತಾನೆ, ಅರ್ಥ ಮೈಗೂಡಿರುವುದಿಲ್ಲ. ಮೈಗೂಡಲು ಕಾಲ ಬೇಕು. ಅಕ್ರತೇಸ್ 'ನನಗೆ ಗೊತ್ತು' ಎನ್ನುವಾಗ ರಂಗದ ಮೇಲಿನ ನಟ ಮಾತು ಹೇಳಿದಂತೆ ಹೇಳುತ್ತಾನೆ. ಇಲ್ಲಿ ಅವನು ಬಳಸುವ ಉದಾಹರಣೆ ಏನು ಗೊತ್ತೆ? ಸಿಹಿ ತಿಂಡಿ. ಮನಸ್ಸಿನಲ್ಲಿ ತಿನ್ನಬಾರದೆಂಬ ಒಂದು ಸಾಮಾನ್ಯ ತತ್ತ್ವ ಇದೆ. ಸಿಹಿಯಾದದ್ದೆಲ್ಲ ರುಚಿಕರ ಎಂಬುದೂ ಇದೆ. ಇದು ಸಿಹಿ ಎಂದು ಕಣ್ಣೆದುರಿಗೆ ಕಾಣುತ್ತಿದೆ. ಆಸೆಯೊಂದು ಒಳಗಿದ್ದರೆ ಅದು ಎರಡನೆಯ ತತ್ತ್ವದ ಕೈಹಿಡಿದು ದೇಹವನ್ನು ಚಲಿಸುವಂತೆ ಮಾಡುತ್ತದೆ. ಮೊದಲನೆಯ ತತ್ತ್ವ ಅಳಿಸಿಹೋಗುವುದಿಲ್ಲ, ಮೂಲೆಯಲ್ಲಿ ನಿಂತಿರುತ್ತದೆ. ಇದನ್ನು ಓದಿದಾಗ ಎಲೆಯ ಮೇಲೆ ಅಡ್ಡ ಹಿಡಿದ ದೊಡ್ಡಪ್ಪನ ಕೈ ನೆನಪಾಯಿತು.

ವಿಚಿತ್ರವೆಂದರೆ ಇಷ್ಟೆಲ್ಲ ಆದ ಮೇಲೆ ಅರಿಸ್ಟಾಟಲ್ ಸಾಕ್ರಟೀಸನಿಗೆ ಅರ್ಧ ಗೆಲುವನ್ನು ಬಿಟ್ಟುಕೊಡುತ್ತಾನೆ. ಎಳೆದಾಡಿಸಿಕೊಳ್ಳುವುದು ಪೂರ್ಣ ಅರ್ಥದ ಜ್ಞಾನವಲ್ಲ, ಕಣ್ಣೆದುರಿನ ವಸ್ತುವಿನ ಬಗೆಗಿನ ತಿಳಿವು ಮಾತ್ರ. ಆದ್ದರಿಂದ ಆ ಮುದುಕ ಹೇಳಿದ್ದರಲ್ಲೂ ಹುರುಳಿದೆ ಎಂದು. ಇದು ಒಪ್ಪಿಗೆಯೋ ಸಮಜಾಯಿಷಿಯೋ ಎಂದು ವಿದ್ವಾಂಸರು ಇಂದಿಗೂ ಕಾದಾಡುತ್ತಾರೆ.

ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಅವನು ಮಾಡುವ ಇನ್ನೊಂದು ವಿಂಗಡಣೆ. ಗ್ರೀಕಿನಲ್ಲಿ 'ಅಕೊಲಸ್ತೊಸ್' ಎಂಬ ಬೇರೆ ಪದವಿದೆ. ಕೊಲಜೆಯಿನ್ ಎಂದರೆ ಹದ್ದಿನಲ್ಲಿಡುವುದು, ದಂಡಿಸುವುದು. ದಂಡನೆಯನ್ನೇ ಕಾಣದೆ ಬೆಳೆದವನು ಅಕೊಲಸ್ತೊಸ್. ತುಂಟ ಮಕ್ಕಳಿಗೂ ಇದೇ ಪದ ಸಲ್ಲುತ್ತಿತ್ತು. ಹೊರಗಿನಿಂದ ನೋಡಿದರೆ ಇವನೂ ಅಕ್ರತೇಸನೂ ಒಂದೇ; ಇಬ್ಬರೂ ತಿನ್ನುತ್ತಾರೆ, ಕುಡಿಯುತ್ತಾರೆ. ಆದರೆ ಅಕೊಲಸ್ತೊಸ್ ತಾನು ಮಾಡುವುದೇ ಸರಿಯೆಂದು ನಂಬಿ ಮಾಡುತ್ತಾನೆ. ಅವನಿಗೆ ಪಶ್ಚಾತ್ತಾಪವಿಲ್ಲ, ಆದ್ದರಿಂದ ವಾಸಿಯಾಗುವ ದಾರಿಯೂ ಇಲ್ಲ. ಅಕ್ರತೇಸ್ ಅಳುತ್ತಾನೆ, ಅವನನ್ನು ಗುಣಪಡಿಸಬಹುದು. ದುರ್ಗುಣ ಜಲೋದರ, ಕ್ಷಯಗಳಂತೆ ಸದಾ ಇರುವ ರೋಗ. ಅಕ್ರಸಿಯಾ ಮೂರ್ಛೆರೋಗದಂತೆ ಬಂದು ಹೋಗುವಂಥದು. ಒಬ್ಬ ಕೆಟ್ಟ ಕಾಯಿದೆಗಳನ್ನು ನಿಷ್ಠೆಯಿಂದ ಪಾಲಿಸುವ ಊರು. ಇನ್ನೊಬ್ಬ ಒಳ್ಳೆಯ ಕಾಯಿದೆಗಳನ್ನೆಲ್ಲ ಬರೆದಿಟ್ಟುಕೊಂಡು ಒಂದನ್ನೂ ಜಾರಿಗೆ ತರದ ಊರು. ಎರಡನೆಯ ಊರಿನ ಪರಿಚಯ ನಮಗೆ ಚೆನ್ನಾಗಿಯೇ ಇದೆ.

ಸಿಟ್ಟಿನಲ್ಲಿ ಸಂಯಮ ಕಳೆದುಕೊಳ್ಳುವವನ ಮೇಲೆ ಅವನಿಗೆ ಇನ್ನೂ ಕರುಣೆ. ಸಿಟ್ಟು ಎನ್ನುವುದು ಯಜಮಾನ ಹೇಳಿದ್ದನ್ನು ಪೂರ್ತಿ ಕೇಳದೆ ಓಡಿಹೋಗುವ ಅವಸರದ ಆಳು, ಬಂದವರು ನೆಂಟರೋ ಯಾರೋ ಎಂದು ನೋಡದೆ ಬಾಗಿಲ ಸದ್ದಿಗೇ ಬೊಗಳುವ ನಾಯಿ. ಇದೇ ಜಾಗದಲ್ಲಿ ಅವನು ಹೇಳುವ ಒಂದು ಪುಟ್ಟ ಕಥೆಯಿದೆ. ಮಗ ತಂದೆಯನ್ನು ದರದರನೆ ಎಳೆದುಕೊಂಡು ಹೋಗುತ್ತಿದ್ದ. ಬಾಗಿಲ ಹತ್ತಿರ ಬಂದಾಗ ತಂದೆ, ಇಲ್ಲಿಗೆ ನಿಲ್ಲಿಸಪ್ಪ, ನಾನೂ ನನ್ನ ತಂದೆಯನ್ನು ಎಳೆದದ್ದು ಇಲ್ಲಿಯವರೆಗೇ ಎಂದನಂತೆ. ಅಜ್ಜನಿಗೆ ಚಿಪ್ಪಿನಲ್ಲಿ ಊಟ ಹಾಕಿದ ನಮ್ಮ ಕಥೆಯನ್ನು ಕೇಳಿ ಬೆಳೆದವರಿಗೆ ಇದು ಹೊಸದೆನಿಸದು.

ನಮ್ಮಲ್ಲೂ ಈ ಪ್ರಶ್ನೆ ಎದ್ದಿದೆ. ಗೀತೆಯ ಮೂರನೆಯ ಅಧ್ಯಾಯದಲ್ಲಿ ಅರ್ಜುನ ಕೇಳುವುದು ಇದನ್ನೇ: ಮನಸ್ಸಿಲ್ಲದಿದ್ದರೂ, ಬಲವಂತಕ್ಕೆ ಸಿಕ್ಕಿದವನಂತೆ ಮನುಷ್ಯ ಪಾಪ ಮಾಡುವುದು ಯಾರ ಪ್ರೇರಣೆಯಿಂದ? ಕಾಮ, ಕ್ರೋಧ ಎಂದು ಕೃಷ್ಣನ ಉತ್ತರ. ಗ್ರೀಕರು ತಳ್ಳಿದವರಾರು ಎಂದು ಹುಡುಕುವುದಕ್ಕಿಂತ, ತಳ್ಳಿಸಿಕೊಂಡವನಿಗೆ ಇದ್ದದ್ದು ನಿಜವಾದ ತಿಳಿವೇ ಎಂದು ಪಾಟೀಸವಾಲು ಹಾಕಿದರು. ವ್ಯತ್ಯಾಸ ಅಲ್ಲಿದೆ. ಇನ್ನು, ಧರ್ಮ ಯಾವುದೆಂದು ಬಲ್ಲೆ ಆದರೆ ನನಗೆ ಅದರಲ್ಲಿ ಪ್ರವೃತ್ತಿಯಿಲ್ಲ ಎಂಬರ್ಥದ ಶ್ಲೋಕವೊಂದು ದುರ್ಯೋಧನನ ಹೆಸರಿನಲ್ಲಿ ಪ್ರಚಾರದಲ್ಲಿದೆ. ಅವನನ್ನು ಅಕ್ರತೇಸ್ ಎನ್ನುವವರುಂಟು. ನಾನು ಒಪ್ಪಲಾರೆ. ಹೃದಯದಲ್ಲಿರುವ ಯಾವುದೋ ದೇವರು ನಡೆಸಿದಂತೆ ನಡೆಯುತ್ತೇನೆ ಎಂದು ಅವನು ನೆಮ್ಮದಿಯಾಗಿ ಹೇಳಿ ಮುಗಿಸುತ್ತಾನೆ. ಅವನಿಗೆ ಅಂದು ರಾತ್ರಿ ನಿದ್ದೆ ಬಂದಿರಬೇಕು.

ಪದದ ಮುಂದಿನ ಪ್ರಯಾಣವನ್ನು ಚುಟುಕಾಗಿ ಹೇಳಬಹುದು. ಹೊಸ ಒಡಂಬಡಿಕೆಯ ಗ್ರೀಕ್ ಪಠ್ಯದಲ್ಲಿ ಅದು ಕಾಣಿಸುತ್ತದೆ. ಹೊರಗೆ ತೊಳೆದು ಒಳಗೆ ಸುಲಿಗೆ ಮತ್ತು ಅಕ್ರಸಿಯಾ ತುಂಬಿಕೊಂಡ ಬಟ್ಟಲಿನ ಮಾತನ್ನು ಮತ್ತಾಯನ ಸುವಾರ್ತೆ ಯೇಸುವಿನ ಬಾಯಲ್ಲಿ ಹೇಳಿಸುತ್ತದೆ. ಎರಡನೆಯ ಶತಮಾನದಲ್ಲಿ ಮದುವೆ, ಮಾಂಸ, ಮದ್ಯ ಮೂರನ್ನೂ ಬಿಟ್ಟ ಕ್ರೈಸ್ತರ ಒಂದು ಪಂಥಕ್ಕೆ ಎನ್‌ಕ್ರತೇಸ್ ಪದದಿಂದಲೇ ಹೆಸರು ಬಂತು. ಲ್ಯಾಟಿನ್ ಭಾಷೆಯವರು 'ಇನ್ಕಾಂಟಿನೆಂಶಿಯಾ' ಎಂದು ಅನುವಾದಿಸಿದರು. ಇಲ್ಲಿ ಚಿತ್ರವೇ ಬದಲಾಯಿತು. ಗ್ರೀಕಿನದು ಆಳಲಾರದವನು, ಲ್ಯಾಟಿನಿನದು ಹಿಡಿದಿಟ್ಟುಕೊಳ್ಳಲಾರದವನು. ಡಾಂಟೆ ತನ್ನ ನರಕವನ್ನು ಕಟ್ಟುವಾಗ ಅರಿಸ್ಟಾಟಲನ ಗ್ರಂಥವನ್ನೇ ಆಧಾರವಾಗಿ ಹೆಸರಿಸಿ, ಈ ಜನರನ್ನು ಒಳಗಿನ ಕೋಟೆಯಿಂದ ಹೊರಗೆ, ಕಡಿಮೆ ಶಿಕ್ಷೆಯ ಸುತ್ತುಗಳಲ್ಲಿ ಇರಿಸಿದ. ಇಂಗ್ಲಿಷಿನಲ್ಲಿ ಇನ್ಕಾಂಟಿನೆನ್ಸ್ ಎಂದರೆ ಇಂದು ಮೂತ್ರ ತಡೆಯಲಾರದ ಕಾಯಿಲೆ. ಹಳೆಯ ಅನುವಾದಗಳಲ್ಲಿ ಅರಿಸ್ಟಾಟಲನನ್ನು ಓದುವ ವಿದ್ಯಾರ್ಥಿಗಳು ಮುಸಿಮುಸಿ ನಗುವುದು ಇದಕ್ಕೇ.

ಗ್ರೀಕಿನಲ್ಲಿ ಇದೇ ಅಕ್ಷರಗಳಲ್ಲಿ ಬರೆಯುವ ಇನ್ನೊಂದು ಪದವೂ ಇದೆ. 'ಕ್ರ' ಹ್ರಸ್ವವಾದರೆ ಸಂಯಮವಿಲ್ಲದಿರುವಿಕೆ. 'ಕ್ರಾ' ಎಂದು ದೀರ್ಘ ಎಳೆದರೆ ಹದಗೆಟ್ಟ ಮಿಶ್ರಣ. ಗ್ರೀಕರು ದ್ರಾಕ್ಷಾರಸಕ್ಕೆ ನೀರು ಬೆರೆಸಿ ಕುಡಿಯುತ್ತಿದ್ದರು. ಬೆರೆಸದೆ ಕುಡಿಯುವುದು ಅನಾಗರಿಕರ ಲಕ್ಷಣ. ಅವರ ಲಿಪಿಯಲ್ಲಿ 'ಅ', 'ಆ' ಎರಡಕ್ಕೂ ಒಂದೇ ಅಕ್ಷರ. ನಮ್ಮ ಲಿಪಿಯಲ್ಲಾದರೆ ಈ ಗೊಂದಲವೇ ಹುಟ್ಟುತ್ತಿರಲಿಲ್ಲ. ಇಂಗ್ಲಿಷ್ ಕವಿ ಸ್ಪೆನ್ಸರ್ 1590ರಲ್ಲಿ ಅಚ್ಚಾದ ತನ್ನ 'ಫೇರಿ ಕ್ವೀನ್' ಕಾವ್ಯದಲ್ಲಿ ಅಕ್ರೇಸಿಯಾ ಎಂಬ ಮಾಟಗಾತಿಯನ್ನು ಸೃಷ್ಟಿಸಿದಾಗ ಎರಡು ಅರ್ಥಗಳೂ ಅವನ ಮನಸ್ಸಿನಲ್ಲಿದ್ದವೆಂದು ವಿಮರ್ಶಕರು ಹೇಳುತ್ತಾರೆ. ಅವಳು ತನ್ನ ತೋಟಕ್ಕೆ ಬಂದ ವೀರರನ್ನು ಮೃಗಗಳಾಗಿ ಮಾಡುತ್ತಾಳೆ. ಸಂಯಮದ ವೀರ ಗಯಾನ್ ಅವಳನ್ನು ಬಲೆಗೆ ಕೆಡವಿ ತೋಟವನ್ನು ನಾಶಮಾಡುತ್ತಾನೆ. ಮೃಗಗಳು ಮತ್ತೆ ಮನುಷ್ಯರಾಗುತ್ತವೆ. ಗ್ರಿಲ್ ಎಂಬವನೊಬ್ಬ ಮಾತ್ರ, ಹಂದಿಯಾಗಿ ಸುಖವಾಗಿದ್ದ ತನ್ನನ್ನು ಯಾಕೆ ಎಬ್ಬಿಸಿದಿರೆಂದು ಬೈಯುತ್ತಾನೆ. ಅವನನ್ನು ಹಾಗೆಯೇ ಬಿಟ್ಟು ಮುಂದೆ ಹೋಗುತ್ತಾರೆ. ಅರಿಸ್ಟಾಟಲನ ಅಕೊಲಸ್ತೊಸ್ ಇವನೇ.

ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಡೊನಾಲ್ಡ್ ಡೇವಿಡ್ಸನ್ ಈ ಹಳೆಯ ಕಡತವನ್ನು ಮತ್ತೆ ತೆರೆದ. ಅವನ ಉದಾಹರಣೆಯಲ್ಲಿ ಆಸೆಯೂ ಇಲ್ಲ, ಪಾಪವೂ ಇಲ್ಲ. ದಣಿದು ಹಾಸಿಗೆಯಲ್ಲಿ ಮೈಚಾಚಿದವನಿಗೆ ಹಲ್ಲುಜ್ಜಿಲ್ಲವೆಂದು ನೆನಪಾಗುತ್ತದೆ. ಒಂದು ದಿನ ಬಿಟ್ಟರೆ ಹಲ್ಲೇನೂ ಉದುರದು, ಎದ್ದರೆ ನಿದ್ದೆ ಕೆಡುತ್ತದೆ. ಮಲಗಿರುವುದೇ ಲೇಸೆಂದು ತೀರ್ಮಾನಿಸುತ್ತಾನೆ. ಆದರೂ ಎದ್ದು ಹೋಗಿ ಹಲ್ಲುಜ್ಜುತ್ತಾನೆ. ತನ್ನದೇ ತೀರ್ಮಾನಕ್ಕೆ ವಿರುದ್ಧವಾಗಿ ನಡೆದದ್ದರಿಂದ ಇದೂ ಅಕ್ರಸಿಯಾವೇ! ಹತೋಟಿ ತಪ್ಪುವುದೆಂದರೆ ಭೋಗಕ್ಕೆ ಬೀಳುವುದೇ ಆಗಬೇಕೆಂದಿಲ್ಲ ಎಂಬುದನ್ನು ಇಷ್ಟು ಸುಲಭವಾಗಿ ತೋರಿಸಿದವರು ಕಡಿಮೆ.

ಇದನ್ನೆಲ್ಲ ಒಂದು ಸಂಜೆ ದೊಡ್ಡಪ್ಪನಿಗೆ ಹೇಳಿದೆ. ಹಲ್ಲುಜ್ಜುವ ಕಥೆಗೆ ನಕ್ಕರು, ಹೆಣ ನೋಡಿದವನ ಕಥೆಗೆ ಸುಮ್ಮನಾದರು. ಆಮೇಲೆ, "ಆ ಪುಣ್ಯಾತ್ಮ ಇದಕ್ಕೆ ಮದ್ದು ಏನು ಅಂತ ಬರೆದಿದಾನೆ?" ಎಂದು ಕೇಳಿದರು. ಮನೆಗೆ ಬಂದು ಪುಸ್ತಕ ತೆಗೆದೆ. ಅಕ್ರತೇಸನಿಗೆ ಕವಿದ ಮಬ್ಬು ಹೇಗೆ ಹರಿದು ತಿಳಿವು ಮರಳುತ್ತದೆ ಎಂಬ ಪ್ರಶ್ನೆಯನ್ನು ಅರಿಸ್ಟಾಟಲ್ ಎತ್ತಿಕೊಂಡಿದ್ದಾನೆ. ಕುಡಿದವನಿಗೆ ಇಳಿದಂತೆ, ಮಲಗಿದವನಿಗೆ ಎಚ್ಚರವಾದಂತೆ ಎಂದು ಹೇಳಿ, ಆ ವಿಷಯವನ್ನು ಪ್ರಕೃತಿಯ ಬಗ್ಗೆ ಅಧ್ಯಯನ ಮಾಡುವವರಿಂದಲೇ ಕೇಳಿ ತಿಳಿಯಬೇಕೆಂದು ಮುಂದೆ ಹೋಗಿದ್ದಾನೆ. ಫೋನಿನಲ್ಲಿ ಹೇಳಿದೆ. "ಅಂದರೆ ಡಾಕ್ಟರ ಹತ್ತಿರ ಹೋಗು ಅಂತ ತಾನೆ?" ಎಂದರು ದೊಡ್ಡಪ್ಪ. "ನಮ್ಮ ಡಾಕ್ಟರಿಗೂ ಸಕ್ಕರೆ ಕಾಯಿಲೆ ಇದೆ ಕಣಯ್ಯಾ. ಮೊನ್ನೆ ಮದುವೆಯಲ್ಲಿ ನನ್ನ ಪಕ್ಕದ ಎಲೆ ಅವರದೇ."